ಹಸೆಗೋಡೆಯ ಚಿತ್ತಾರ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರು ದಾಟಿದ ಮೇಲೆ ಕುಂಸಿ ಬರುತ್ತದೆ. ಬಯಲು ಹಿಂದುಳಿದು ಮಲೆನಾಡು ಮೊದಲಾಗುವ ಎಡೆ ಇದು. ಇಲ್ಲಿಂದ ಮುಂದೆ ಪಶ್ಚಿಮಕ್ಕೆ ಹೋದಂತೆ ಪ್ರವಾಸಿಗರಿಗೆಂದು ಕಟ್ಟಿದ ‘ಕಾಟೇಜು’ಗಳು ಈಗ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಇಳಿಜಾರಾದ ಹೆಂಚಿನ ಮಾಡು, ಕೆಂಪು ಬಳಿದ ಗೋಡೆ, ಅದರ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ ಬಿಳಿ ಗೆರೆಗಳ ಚಿತ್ರ. ಹಳ್ಳಿಯ ಪುಟ್ಟ ಮನೆಯ ನೆಮ್ಮದಿಯನ್ನು ನೆನಪಿಗೆ ತರಬೇಕೆಂಬುದು ಕಟ್ಟಿಸಿದವರ ಆಶಯ. ಆಶಯದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪುಟ್ಟ ಮನೆಯಲ್ಲಿ ಶೃಂಗಾರವೆಂಬುದು ಏನಾಗಿತ್ತು, ಅದನ್ನು ಮಾಡುತ್ತಿದ್ದವರು ಯಾರು ಎಂಬುದನ್ನು ಕುರಿತು ಕೇಳುಗರೊಡನೆ ಕೊಂಚ ವಿಚಾರ ಮಾಡೋಣವೆಂದು ನನ್ನ ಇಚ್ಛೆ.

ನಮ್ಮ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಅರಮನೆಯಿಂದ ಆರಂಭವಾಗುತ್ತವೆ. ೧೭೬೩ರವರೆಗೆ ಈ ಸೀಮೆಯನ್ನು ಆಳಿದವರು ಕೆಳದಿಯ ಅರಸರು. ಶಿವಪ್ಪನಾಯಕನ ಹೆಸರಿನಿಂದ ಶಿವಮೊಗ್ಗದಲ್ಲಿ ಇಂದಿಗೂ ನಿಂತಿರುವ ಅರಮನೆಯ ಭಾರಿ ಮರದ ಕಂಬಗಳನ್ನು ನೀವು ನೋಡಿರಬಹುದು. ಮರದ ಕೆಲಸ ಒಮ್ಮೆ ಮುಗಿಯಿತೆಂದರೆ ತಲೆಮಾರುಗಳ ಕಾಲ ಬಾಳುತ್ತದೆ. ಅದು ಐಶ್ವರ್ಯದ ಲಕ್ಷಣ. ರೈತನ ಮನೆಯ ರೀತಿ ಬೇರೆ. ಅಲ್ಲಿ ಗೋಡೆ ಮಣ್ಣಿನದು. ಮಾಡಿಗೆ ಅಡಕೆಯ ಸೋಗೆ ಅಥವಾ ಭತ್ತದ ಹುಲ್ಲು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರಾದರೂ ಆ ಹೆಂಚು ಘಟ್ಟ ಹತ್ತಿ ಬಡವನ ಮಾಡನ್ನು ಸೇರುವುದಕ್ಕೆ ಬಹುಕಾಲ ಹಿಡಿಯಿತು. ಮಳೆಗಾಲ ಕಳೆದರೆ ಗೋಡೆ ಜಾರಿರುತ್ತದೆ, ಮೆತ್ತಿದ ಮಣ್ಣು ಉದುರಿರುತ್ತದೆ. ಮತ್ತೆ ಮಣ್ಣು ಮೆತ್ತಬೇಕು, ಸಾರಿಸಬೇಕು, ಕೆಮ್ಮಣ್ಣು ಬಳಿಯಬೇಕು. ವರ್ಷ ವರ್ಷವೂ ಮನೆ ಹೊಸದಾಗಿ ಹುಟ್ಟಬೇಕು.

ಈ ಅನಿವಾರ್ಯತೆಯನ್ನೇ ಕಲೆಯನ್ನಾಗಿ ಮಾಡಿಕೊಂಡವರು ಸಾಗರ, ಸೊರಬ, ಹೊಸನಗರ ಸೀಮೆಯ ದೀವರ ಹೆಂಗಸರು. ಮದುವೆಯ ಮನೆಯಲ್ಲಿ ವಧೂವರರು ಹಸೆಯ ಮೇಲೆ ಕೂರುವ ಗೋಡೆಗೆ ಅವರು ಬರೆಯುವುದೇ ಹಸೆ ಚಿತ್ತಾರ. ಹಿನ್ನೆಲೆಗೆ ಕೆಮ್ಮಣ್ಣು, ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ. ಪುಂಡಿಯ ನಾರೇ ಕುಂಚ. ಜೋಗಿ ಜಡೆ, ಮೂಲೆ ಆರತಿ, ಸುತ್ತೆಳೆ ಎಂದು ಒಂದೊಂದು ಎಳೆಗೂ ಹೆಸರಿದೆ. ಭೂಮಿ ಹುಣ್ಣಿಮೆ ಬಂತೆಂದರೆ ಬಸುರಿಯಾದ ಭೂತಾಯಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಗೆರೆಗಳು ಮೂಡುತ್ತವೆ. ಇದರಲ್ಲಿ ಅಂಗಡಿಯಿಂದ ತರಬೇಕಾದ ಸಾಮಗ್ರಿ ಒಂದಾದರೂ ಇದೆಯೆ? ಗದ್ದೆ, ಕಾಡು, ಒಲೆ ಇವಿಷ್ಟರಿಂದಲೇ ಗೋಡೆ ಬೆಳಗಿತು.

ಇಂಗ್ಲೆಂಡಿನಲ್ಲಿ ಯಂತ್ರಗಳು ತಯಾರಿಸಿದ ಸರಕಿನಿಂದ ಬೇಸತ್ತ ವಿಲಿಯಂ ಮಾರಿಸ್ ಎಂಬ ಕವಿ ೧೮೬೧ರಲ್ಲಿ ಗೆಳೆಯರೊಡಗೂಡಿ ಗೃಹಾಲಂಕಾರದ ಸಂಸ್ಥೆಯೊಂದನ್ನು ಆರಂಭಿಸಿದನು. ಕೈಕೆಲಸದ ಚೆಲುವು ಮತ್ತೆ ಮನೆಗಳಿಗೆ ಬರಬೇಕೆಂಬುದು ಅವನ ಹಂಬಲ. ವಿಷಾದವೆಂದರೆ, ಅಷ್ಟು ಶ್ರಮದ ವಸ್ತುಗಳನ್ನು ಕೊಳ್ಳಬಲ್ಲವರು ಸಿರಿವಂತರೇ ಆಗಿದ್ದರು. ಸಮತಾವಾದಿಯಾದ ಮಾರಿಸನನ್ನು ಈ ವಿರೋಧಾಭಾಸ ಕೊನೆಯವರೆಗೂ ಕಾಡಿತು. ಅವನು ಹಣ ತೆತ್ತು ಕೊಳ್ಳುವವರಿಗಾಗಿ ಮಾಡಿದುದನ್ನು ನಮ್ಮ ಹೆಂಗಸರು ತಮಗಾಗಿ, ತಮ್ಮ ನೆರೆಯವರಿಗಾಗಿ ಮಾಡುತ್ತಿದ್ದರು.

ಈ ಗೋಡೆಗಳಿಗೆ ದೊಡ್ಡ ಆಪತ್ತು ಬಂದದ್ದು ನೀರಿನಿಂದ. ಶರಾವತಿಗೆ ಅಡ್ಡಲಾಗಿ ಹಿರೇಭಾಸ್ಕರದ ಕಟ್ಟೆ ೧೯೪೮ರಲ್ಲಿಯೂ ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿಯೂ ಎದ್ದುವು. ನಾಡಿಗೆ ಬೆಳಕು ಬಂತು. ಕಣಿವೆಯ ಊರುಗಳು ಮುಳುಗಿದುವು. ನೆಲೆ ತಪ್ಪಿದ ಕುಟುಂಬಗಳಲ್ಲಿ ಹಲವು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೂ ಬಂದು ನೆಲೆಸಿದುವು. ಮನೆ ಬಿಡುವವನು ಕಂಬವನ್ನು ಕೀಳಬಹುದು, ಬಾಗಿಲನ್ನು ಗಾಡಿಗೆ ಹೇರಬಹುದು, ಹೆಂಚನ್ನು ಇಳಿಸಿಕೊಳ್ಳಬಹುದು. ಮಣ್ಣಿನ ಗೋಡೆಯನ್ನು ಒಯ್ಯುವುದು ಹೇಗೆ? ಅದು ನೀರಿನಲ್ಲಿ ಕರಗಿ ಮಣ್ಣಾಗಲೇಬೇಕು. ಆದರೂ ಚಿತ್ತಾರ ಕರಗಲಿಲ್ಲ. ಅದು ಗೋಡೆಯಲ್ಲಿ ಇದ್ದದ್ದಲ್ಲ, ಬರೆಯುವವರ ಬೆರಳುಗಳಲ್ಲಿ ಇದ್ದದ್ದು. ಹೊಸ ಊರಿನಲ್ಲಿ ಹೊಸ ಗೋಡೆ ಎದ್ದರೆ ಅದರ ಮೇಲೆ ಹಳೆಯ ಎಳೆಗಳು ಮತ್ತೆ ಮೂಡಬಹುದಾಗಿತ್ತು.

ಬಹಳ ವರ್ಷಗಳ ಹಿಂದೆ ಕುಂಸಿಯ ಸಮೀಪದ ಹಳ್ಳಿಯೊಂದರ ಮದುವೆಮನೆಯಲ್ಲಿ ವೃದ್ಧೆಯೊಬ್ಬರು ಚಿತ್ತಾರ ಬರೆಯುತ್ತಿದ್ದುದನ್ನು ನೋಡುತ್ತ ಕುಳಿತಿದ್ದೆ. ಓದಿದವನ ಬುದ್ಧಿ ಸುಮ್ಮನಿರಲಿಲ್ಲ. “ಅಜ್ಜೀ, ಇದನ್ನೇ ಎಣ್ಣೆಬಣ್ಣದಲ್ಲಿ ಬರೆದರೆ ಎಷ್ಟೋ ವರ್ಷ ಅಳಿಸದೆ ಉಳಿಯುತ್ತದಲ್ಲ?” ಎಂದೆ. ಅವರು ತಿರುಗಿಯೂ ನೋಡದೆ, “ಅಳಿಸ್ದೇ ಹೋದ್ರೆ ಮೊಮ್ಮಗಳ ಮದುವೇಲಿ ಅವಳು ಎಲ್ಲಿ ಬರೀಬೇಕು, ಮೇಷ್ಟ್ರೇ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಬಹುಪಾಲು ಗೋಡೆಗಳು ಸಿಮೆಂಟಿನವು. ಅವಕ್ಕೆ ವರ್ಷ ವರ್ಷ ಮಣ್ಣು ಮೆತ್ತಬೇಕಾಗಿಲ್ಲ. ಹೆಂಗಸರ ಬೆನ್ನಿಗೆ ಅಷ್ಟು ಬಿಡುವು ದೊರೆತದ್ದು ಸಣ್ಣ ಲಾಭವೇನಲ್ಲ. ಹಳೆಯ ದುಡಿಮೆಯನ್ನು ದೂರದಿಂದ ಹೊಗಳುವ ಹಕ್ಕು ನನಗಿಲ್ಲ. ಚಿತ್ತಾರವೂ ಕಾಗದಕ್ಕೆ, ಬಟ್ಟೆಗೆ, ಹಲಗೆಗೆ ಇಳಿದು ಕೆಲವರಿಗೆ ಜೀವನೋಪಾಯವಾಗಿದೆ. ಅದನ್ನು ಕೊಂಡು ಗೋಡೆಗೆ ತೂಗುಹಾಕುವವರು ಧಾರಾಳವಾಗಿ ತೂಗುಹಾಕಲಿ. ಜೊತೆಗೆ, ಬರೆದವರ ಹೆಸರನ್ನು ಕೇಳಿ ತಿಳಿದಿರಲಿ; ಆ ಮನೆಯ ಹುಡುಗಿಯೊಬ್ಬಳು ನಾರನ್ನು ಕೈಗೆತ್ತಿಕೊಂಡಿದ್ದಾಳೆಯೆ ಎಂಬುದನ್ನೂ ವಿಚಾರಿಸಲಿ. ಚೌಕಟ್ಟಿನೊಳಗಿನ ಚಿತ್ರ ಅಳಿಸದೆ ಉಳಿದೀತು. ಅಜ್ಜಿ ಉಳಿಸಿಹೋಗಲು ಬಯಸಿದ್ದು ಬರಿದಾದ ಒಂದು ಗೋಡೆಯನ್ನು, ಅದರ ಮುಂದೆ ಕುಳಿತು ಬರೆಯಬಲ್ಲ ಒಬ್ಬ ಮೊಮ್ಮಗಳನ್ನು.