ಗ್ರಾಹಕರ ದಾಖಲೆ ಮತ್ತು ಕ್ಷೇತ್ರ ಹೊಂದಾಣಿಕೆ: ಹಿಂದೂಪುರ ಸೀಮೆಯ ಒಂದು ನಿದರ್ಶನ

ಕ್ಷೇತ್ರ ಹೊಂದಾಣಿಕೆ ಎಂದರೇನು

ಗ್ರಾಹಕರ ವಿವರಗಳನ್ನು ಒಂದು ಕಡತದಿಂದ ಹೊಸ ತಂತ್ರಾಂಶಕ್ಕೆ ತುಂಬುವಾಗ, ಹಳೆಯ ಕಡತದ ಯಾವ ಕಾಲಂ ಹೊಸದರ ಯಾವ ಜಾಗಕ್ಕೆ ಹೋಗಬೇಕು ಎಂದು ಮೊದಲೇ ಗೊತ್ತುಪಡಿಸುವ ಕೆಲಸವೇ ಕ್ಷೇತ್ರ ಹೊಂದಾಣಿಕೆ. ಕಂಪ್ಯೂಟರ್ ಕೆಲಸದವರು ಇದನ್ನು ಫೀಲ್ಡ್ ಮ್ಯಾಪಿಂಗ್ ಎನ್ನುತ್ತಾರೆ. ಹೆಸರು, ಮೊಬೈಲ್ ಸಂಖ್ಯೆ, ಮನೆ ನಂಬರು, ಊರು, ಪಿನ್ ಕೋಡ್, ಬಾಕಿ ಮೊತ್ತ ಮುಂತಾದ ಪ್ರತಿಯೊಂದು ಮಾಹಿತಿಗೆ ಮೀಸಲಾದ ಜಾಗವೇ ಕ್ಷೇತ್ರ. ಒಬ್ಬ ಗ್ರಾಹಕನಿಗೆ ಸೇರಿದ ಎಲ್ಲ ಕ್ಷೇತ್ರಗಳು ಕೂಡಿದರೆ ಒಂದು ದಾಖಲೆಯಾಗುತ್ತದೆ.

ಮೇಲ್ನೋಟಕ್ಕೆ ಇದು ಶೀರ್ಷಿಕೆಗೆ ಶೀರ್ಷಿಕೆ ಜೋಡಿಸುವ ಸುಲಭದ ಕೆಲಸ. ಅನೇಕ ತಂತ್ರಾಂಶಗಳು ಒಂದೇ ಹೆಸರಿನ ಕಾಲಂಗಳನ್ನು ತಾವಾಗಿಯೇ ಜೋಡಿಸಿ ತೋರಿಸುತ್ತವೆ. ಆದರೆ ಶೀರ್ಷಿಕೆ ಹೊಂದಿದ ಮಾತ್ರಕ್ಕೆ ಅರ್ಥ ಹೊಂದುವುದಿಲ್ಲ. ‘ದಿನಾಂಕ’ ಎಂಬ ಕಾಲಂ ಒಂದು ಕಡತದಲ್ಲಿ ಗ್ರಾಹಕ ಮೊದಲ ಸಲ ಖಾತೆ ತೆರೆದ ದಿನವನ್ನು, ಇನ್ನೊಂದರಲ್ಲಿ ಕೊನೆಯ ಬಿಲ್ಲಿನ ದಿನವನ್ನು ಸೂಚಿಸಬಹುದು. ‘ಬಾಕಿ’ ಎಂಬುದು ಗ್ರಾಹಕನಿಂದ ಬರಬೇಕಾದ ಹಣವೋ, ಅವನು ಮುಂಗಡವಾಗಿ ಕೊಟ್ಟಿರುವ ಹಣವೋ ಎಂಬುದನ್ನು ಕಾಲಂ ತಾನಾಗಿ ಹೇಳುವುದಿಲ್ಲ. ಆದ್ದರಿಂದ ಈ ಕೆಲಸದ ಮುಖ್ಯ ಭಾಗ ಪ್ರತಿ ಕಾಲಂನ ಅರ್ಥವನ್ನು ನಿರ್ಧರಿಸುವುದು. ಆ ಅರ್ಥ ಗೊತ್ತಿರುವುದು ಊರನ್ನೂ ಗಿರಾಕಿಯನ್ನೂ ಬಲ್ಲವರಿಗೆ.

ಗಡಿ ಪಟ್ಟಣದ ಕಡತ

ಆಂಧ್ರಪ್ರದೇಶದ ಹಿಂದೂಪುರ ಹುಣಸೆಹಣ್ಣು ಮತ್ತು ಬೆಲ್ಲದ ವಹಿವಾಟಿಗೆ ಹೆಸರಾದ ಪಟ್ಟಣ. ಇಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ವೀರಭದ್ರ ದೇವಾಲಯವಿದೆ. ಅಲ್ಲಿ ಕನ್ನಡ ಶಾಸನಗಳಿವೆ. ಇಂದಿಗೂ ಈ ಸೀಮೆಯಲ್ಲಿ ಮನೆಮಾತು ಕನ್ನಡವಾಗಿದ್ದು ಪೇಟೆಯಲ್ಲಿ ತೆಲುಗು ಆಡುವವರು ಸಾಕಷ್ಟು ಜನ. ಇಂಥ ಪೇಟೆಯ ಅಂಗಡಿಗೆ ಒಂದು ಕಡೆ ಲೇಪಾಕ್ಷಿ, ಮಡಕಶಿರಾಗಳಿಂದ, ಇನ್ನೊಂದು ಕಡೆ ಕರ್ನಾಟಕದ ಗೌರಿಬಿದನೂರು, ಪಾವಗಡಗಳಿಂದ ಗಿರಾಕಿ ಬರುವುದು ಸಹಜ. ಎರಡು ರಾಜ್ಯ, ಎರಡು ಲಿಪಿ, ವಿಳಾಸ ಬರೆಯುವ ಎರಡು ರೂಢಿ ಒಂದೇ ಪಟ್ಟಿಯೊಳಗೆ ಸೇರುತ್ತವೆ. ಕ್ಷೇತ್ರ ಹೊಂದಾಣಿಕೆಯಲ್ಲಿ ಏನೇನು ತೊಡಕು ಬರಬಹುದೋ ಅದರ ಬಹುಭಾಗವನ್ನು ಇಂಥ ಒಂದು ಪಟ್ಟಿಯಲ್ಲೇ ಕಾಣಬಹುದು.

ಹೊಂದಾಣಿಕೆಯ ಬಗೆಗಳು

ಅತ್ಯಂತ ಸರಳವಾದದ್ದು ನೇರ ಹೊಂದಾಣಿಕೆ: ಹಳೆಯ ‘ಮೊಬೈಲ್’ ಕಾಲಂ ಹೊಸ ‘ಮೊಬೈಲ್’ ಕ್ಷೇತ್ರಕ್ಕೆ ಹಾಗೆಯೇ ಹೋಗುತ್ತದೆ. ಕೆಲವೊಮ್ಮೆ ಒಂದೇ ಕಾಲಂನಲ್ಲಿ ಉದ್ದಕ್ಕೆ ಬರೆದ ವಿಳಾಸವನ್ನು ಮನೆ ನಂಬರು, ಬೀದಿ, ಊರು, ಪಿನ್ ಎಂದು ಒಡೆಯಬೇಕಾಗುತ್ತದೆ. ಕೆಲವೊಮ್ಮೆ ಬಿಡಿಯಾಗಿರುವುದನ್ನು ಕೂಡಿಸಬೇಕಾಗುತ್ತದೆ. ಕಡತದಲ್ಲಿ ಇಲ್ಲದ, ಆದರೆ ತಂತ್ರಾಂಶ ಕಡ್ಡಾಯವಾಗಿ ಕೇಳುವ ಕ್ಷೇತ್ರಕ್ಕೆ ‘ದೇಶ: ಭಾರತ’ ಎಂಬಂತಹ ಸ್ಥಿರ ಮೌಲ್ಯವನ್ನು ಕೊಡಲಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಮೌಲ್ಯಗಳ ಹೊಂದಾಣಿಕೆ. ‘ಆಂಧ್ರ’, ‘ಎ.ಪಿ.’, ‘ಆಂಧ್ರಪ್ರದೇಶ್’ ಎಂದು ಮೂರು ಬಗೆಯಾಗಿ ಬರೆದದ್ದನ್ನು ತಂತ್ರಾಂಶದ ಪಟ್ಟಿಯಲ್ಲಿರುವ ಒಂದೇ ಹೆಸರಿಗೆ ತರಬೇಕು. ಜಿಲ್ಲೆಯ ಹೆಸರಿನಲ್ಲಿ ಇದು ಇನ್ನೂ ಸೂಕ್ಷ್ಮ. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ ಜಿಲ್ಲೆಗಳು 13ರಿಂದ 26 ಆದಾಗ ಹಿಂದೂಪುರ ಮತ್ತು ಲೇಪಾಕ್ಷಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ಮೂರೂ ಊರುಗಳ ಮುಂದೆ ‘ಅನಂತಪುರ’ ಎಂದೇ ಇರುತ್ತದೆ. ಗಡಿಯಾಚೆ ಕರ್ನಾಟಕದಲ್ಲೂ ಇದೇ ಕಥೆ: 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವ ತನಕ ಗೌರಿಬಿದನೂರು ಕೋಲಾರ ಜಿಲ್ಲೆಯಲ್ಲಿತ್ತು. ‘ಅನಂತಪುರ’ ಎಂದು ಕಂಡಲ್ಲೆಲ್ಲ ‘ಶ್ರೀ ಸತ್ಯಸಾಯಿ’ ಎಂದು ಒಂದೇ ಏಟಿಗೆ ಬದಲಿಸಿದರೆ ಕಲ್ಯಾಣದುರ್ಗದ ಗಿರಾಕಿಗಳೆಲ್ಲ ತಪ್ಪು ಜಿಲ್ಲೆಗೆ ಹೋಗುತ್ತಾರೆ. ಬದಲಾವಣೆಯನ್ನು ಊರಿನ ಆಧಾರದ ಮೇಲೆ ಮಾಡಬೇಕು, ಹಳೆಯ ಜಿಲ್ಲೆಯ ಆಧಾರದ ಮೇಲಲ್ಲ.

ಪಿನ್ ಕೋಡ್‌ನ ಮೊದಲ ಮೂರು ಅಂಕಿಗಳನ್ನು ನೋಡಿ ಜಿಲ್ಲೆ ಹೇಳಬಹುದು ಎಂಬ ನಂಬಿಕೆಯೂ ಇಲ್ಲಿ ನಡೆಯದು. ಪಿನ್ ವ್ಯವಸ್ಥೆ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಜಿಲ್ಲೆ ಒಡೆದರೂ ಅಂಚೆಯ ಅಂಕಿಗಳು ಹಾಗೆಯೇ ಉಳಿದವು. ಹಿಂದೂಪುರದ 515201, ಲೇಪಾಕ್ಷಿಯ 515331, ಕಲ್ಯಾಣದುರ್ಗದ 515761 ಈ ಮೂರೂ 515ರಿಂದಲೇ ಆರಂಭವಾಗುತ್ತವೆ. ರಾಜ್ಯವನ್ನು ಪರೀಕ್ಷಿಸಲು ಮಾತ್ರ ಪಿನ್ ಚೆನ್ನಾಗಿ ನೆರವಾಗುತ್ತದೆ. 50ರಿಂದ 53ರವರೆಗಿನ ಆರಂಭ ಆಂಧ್ರಪ್ರದೇಶ ಮತ್ತು ತೆಲಂಗಾಣಕ್ಕೆ, 56ರಿಂದ 59ರವರೆಗಿನದು ಕರ್ನಾಟಕಕ್ಕೆ ಸೇರಿದೆ. ‘ಆಂಧ್ರಪ್ರದೇಶ’ ಎಂದು ಬರೆದು ಮುಂದೆ 561208 ಎಂದಿದ್ದರೆ ಅದು ಗೌರಿಬಿದನೂರಿನ ಪಿನ್. ಅಂಥ ಸಾಲನ್ನು ತಡೆದು ನೋಡಬೇಕು.

ಮನೆ ನಂಬರು ದಿನಾಂಕವಾಗುವ ಬಗೆ

ಆಂಧ್ರದ ಪಟ್ಟಣಗಳಲ್ಲಿ ಮನೆ ನಂಬರನ್ನು ಅಡ್ಡಗೆರೆಗಳಿಂದ ಬಿಡಿಸಿ ಬರೆಯುವುದು ರೂಢಿ. ಉದಾಹರಣೆಗೆ 4-2-15 ಎಂಬ ಮನೆ ನಂಬರನ್ನು ತೆಗೆದುಕೊಳ್ಳೋಣ. ಎಕ್ಸೆಲ್ ಹಾಳೆಯಲ್ಲಿ ಇದನ್ನು ಟೈಪ್ ಮಾಡಿದ ಕೂಡಲೇ, ಅಥವಾ ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸಿದ ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದ ಕೂಡಲೇ, ಗಣಕದಲ್ಲಿ ದಿನ-ತಿಂಗಳು-ವರ್ಷದ ಕ್ರಮವಿದ್ದರೆ ಎಕ್ಸೆಲ್ ಇದನ್ನು 2015ರ ಫೆಬ್ರವರಿ 4 ಎಂದು ಓದಿಕೊಳ್ಳುತ್ತದೆ. ಎಕ್ಸೆಲ್ ದಿನಾಂಕಗಳನ್ನು ಒಳಗೆ ಕ್ರಮಸಂಖ್ಯೆಯಾಗಿ ಇಡುತ್ತದೆ. ಆದ್ದರಿಂದ ತಪ್ಪು ಕಂಡು ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೆ 4-2-15 ಮರಳಿ ಬರುವುದಿಲ್ಲ. ಅಲ್ಲಿ 42039 ಎಂಬ ಅಂಕಿ ಕಾಣುತ್ತದೆ.

ಎಲ್ಲ ಮನೆ ನಂಬರುಗಳೂ ಹೀಗೆ ಕೆಟ್ಟಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಆದರೆ 14-32-6 ದಿನಾಂಕವಾಗಲಾರದು, ಏಕೆಂದರೆ 32ನೇ ತಿಂಗಳು ಇಲ್ಲ. ಅದು ಹಾಗೆಯೇ ಉಳಿಯುತ್ತದೆ. 4-2-15/ಎ ಎಂಬುದೂ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಕೆಲವು ಸರಿ, ಕೆಲವು ತಪ್ಪು ಬೆರೆತು ಹೋಗುವುದರಿಂದ ಮೇಲಿನ ಹತ್ತು ಸಾಲು ಕಣ್ಣಾಡಿಸಿದವರಿಗೆ ದೋಷ ಕಾಣದೆ ಹೋಗಬಹುದು. ಈ ತೊಂದರೆ ಅಂಗಡಿಗಳಿಗಷ್ಟೇ ಸೀಮಿತವಲ್ಲ. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರ ಹೊತ್ತಿಗೆ ಮಾರ್ಚ್-1, ಸೆಪ್ಟ್-1 ಎಂಬಂಥ ಹೆಸರುಗಳನ್ನೇ ಬದಲಿಸಿತು. ಸಂಶೋಧಕರ ಹಾಳೆಗಳಲ್ಲಿ ಎಕ್ಸೆಲ್ ಅವುಗಳನ್ನು ದಿನಾಂಕವಾಗಿ ತಿರುಗಿಸುತ್ತಿತ್ತು.

ದೊಡ್ಡ ಅಂಕಿಗಳಿಗೂ ಅಪಾಯವಿದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಮುಂದೆ 91 ಸೇರಿಸಿ 12 ಅಂಕಿಯಾದ ಮೊಬೈಲ್ ಸಂಖ್ಯೆ ಘಾತಾಂಕದ ರೂಪದಲ್ಲಿ, ಅಂದರೆ 9.19 ಗುಣಿಲೆ ಹತ್ತರ ಹನ್ನೊಂದನೇ ಘಾತ ಎಂಬ ಅರ್ಥದಲ್ಲಿ, ಕಾಣುತ್ತದೆ. ಹಾಗೆಯೇ ಸಿಎಸ್‌ವಿ ಆಗಿ ಉಳಿಸಿದರೆ ಕಡತಕ್ಕೆ ಹೋಗುವುದು ಕಣ್ಣಿಗೆ ಕಂಡ ಆ ಸಂಕ್ಷಿಪ್ತ ರೂಪ. ಉಳಿದ ಅಂಕಿಗಳು ಆ ಕಡತದಿಂದ ಮತ್ತೆ ಸಿಗುವುದಿಲ್ಲ. ಇದಕ್ಕೆ ಪರಿಹಾರ ಒಂದೇ: ಮನೆ ನಂಬರು, ಮೊಬೈಲ್, ಖಾತೆ ಸಂಖ್ಯೆ, ಪಿನ್ ಈ ಕಾಲಂಗಳನ್ನು ಮಾಹಿತಿ ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಪಡಿಸಬೇಕು. ಕೂಡಿ ಕಳೆಯಬೇಕಾಗಿಲ್ಲದ ಅಂಕಿಯನ್ನು ಸಂಖ್ಯೆಯೆಂದು ಇಡಬಾರದು.

ಹೆಸರು ಮತ್ತು ಲಿಪಿ

ಹೊರದೇಶದ ಮಾದರಿಯ ತಂತ್ರಾಂಶಗಳು ಹೆಸರಿಗೆ ಎರಡು ಕ್ಷೇತ್ರ ಕೇಳುತ್ತವೆ: ಮೊದಲ ಹೆಸರು ಮತ್ತು ಕೊನೆಯ ಹೆಸರು. ತೆಲುಗು ರೂಢಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಬಹಳ ಸಲ ಒಂದು ಇನಿಷಿಯಲ್ ಆಗಿ. ಕನ್ನಡದವರ ಇನಿಷಿಯಲ್ ಊರಿನದ್ದಿರಬಹುದು, ತಂದೆಯದ್ದಿರಬಹುದು. ‘ಕೆ. ನಾರಾಯಣಪ್ಪ’ ಎಂಬಂಥ ಹೆಸರನ್ನು ಖಾಲಿ ಜಾಗ ಕಂಡಲ್ಲಿ ಒಡೆದರೆ ‘ಕೆ.’ ಎಂಬುದು ಮೊದಲ ಹೆಸರಾಗುತ್ತದೆ, ಸಂದೇಶಗಳು ‘ಪ್ರಿಯ ಕೆ.’ ಎಂದು ಹೋಗುತ್ತವೆ. ಹೆಸರನ್ನು ಒಡೆಯದೆ ಇಡೀ ಹೆಸರನ್ನು ಒಂದೇ ಕ್ಷೇತ್ರಕ್ಕೆ ಕೊಡುವುದು ಇಲ್ಲಿ ಸರಿಯಾದ ಕ್ರಮ. ಎರಡು ಕ್ಷೇತ್ರ ಕಡ್ಡಾಯವಾಗಿದ್ದರೆ ಇನಿಷಿಯಲ್ ಎರಡನೆಯದಕ್ಕೆ ಹೋಗಲಿ. ಒಬ್ಬ ಮನುಷ್ಯನನ್ನು ಅವನ ಹೆಸರಿನಿಂದ ಸರಿಯಾಗಿ ಕರೆಯುವುದು ಸಣ್ಣ ಸಂಗತಿಯಲ್ಲ.

ಲಿಪಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಸ್ಥಾನಗಳ ಅಕ್ಕಪಕ್ಕದ ವಿಭಾಗಗಳಿವೆ. ತೆಲುಗಿನ ‘ಕ’ಕಾರದ ಸಂಕೇತ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ‘ಕ’ ಸಿಗುತ್ತದೆ. ಎರಡೂ ಲಿಪಿಗಳಲ್ಲಿ ಗ, ರ, ನ ನೋಡಲು ಬಹುತೇಕ ಒಂದೇ ತೆರನಾಗಿದ್ದರೂ ಗಣಕಕ್ಕೆ ಅವು ಬೇರೆ ಬೇರೆ ಅಕ್ಷರಗಳು. ಒಬ್ಬನೇ ಗಿರಾಕಿಯ ಹೆಸರನ್ನು ಎರಡು ಲಿಪಿಯಲ್ಲಿ ಬರೆದಿದ್ದರೆ ಎರಡು ದಾಖಲೆಗಳಾಗುತ್ತವೆ. ಕಡತವನ್ನು ಯುಟಿಎಫ್-8 ಮಾದರಿಯ ಸಿಎಸ್‌ವಿ ಆಗಿಯೇ ಉಳಿಸಬೇಕು, ಇಲ್ಲವಾದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ನಿಲ್ಲಬಹುದು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ರಾಜ್ಯದ ಕ್ಷೇತ್ರ ಮತ್ತು ತೆರಿಗೆ

ಗಡಿ ಪೇಟೆಯಲ್ಲಿ ‘ರಾಜ್ಯ’ ಎಂಬ ಒಂದು ಕ್ಷೇತ್ರ ಬಿಲ್ಲಿನ ಸ್ವರೂಪವನ್ನೇ ನಿರ್ಧರಿಸುತ್ತದೆ. ಹಿಂದೂಪುರದ ಅಂಗಡಿ ಲೇಪಾಕ್ಷಿಯ ಗಿರಾಕಿಗೆ ಶೇ. 18ರ ತೆರಿಗೆಯ ಸರಕು ಕಳಿಸಿದರೆ ಶೇ. 9 ಕೇಂದ್ರಕ್ಕೂ ಶೇ. 9 ರಾಜ್ಯಕ್ಕೂ ಹೋಗುತ್ತದೆ. ಅದೇ ಸರಕು ಗೌರಿಬಿದನೂರಿಗೆ ಹೋದರೆ ಶೇ. 18 ಪೂರ್ತಿಯಾಗಿ ಅಂತರರಾಜ್ಯ ತೆರಿಗೆಯಾಗುತ್ತದೆ. ಗಿರಾಕಿ ಕೊಡುವ ಮೊತ್ತ ಒಂದೇ, ಆದರೆ ತಪ್ಪು ಶೀರ್ಷಿಕೆಯಡಿ ಕಟ್ಟಿದ ತೆರಿಗೆಯನ್ನು ಸರಿಪಡಿಸುವುದು ತ್ರಾಸದ ಕೆಲಸ. ನೋಂದಣಿ ಇಲ್ಲದ ಗಿರಾಕಿಯ ವಿಷಯದಲ್ಲಿ 2023ರ ಅಕ್ಟೋಬರ್ 1ರಿಂದ ಬಂದ ನಿಯಮದಂತೆ, ಬಿಲ್ಲಿನಲ್ಲಿ ದಾಖಲಾದ ವಿಳಾಸವೇ ಪೂರೈಕೆಯ ಸ್ಥಳ. ರಾಜ್ಯದ ಹೆಸರೊಂದು ಇದ್ದರೂ ವಿಳಾಸ ಇದ್ದಂತೆಯೇ ಲೆಕ್ಕ. ವಿಳಾಸವೇ ಇಲ್ಲದಿದ್ದರೆ ಮಾರಾಟಗಾರನ ಸ್ಥಳ ಅನ್ವಯಿಸುತ್ತದೆ. ಹೀಗಾಗಿ ಖಾಲಿ ಬಿಟ್ಟ ರಾಜ್ಯ ಕ್ಷೇತ್ರಗಳನ್ನೆಲ್ಲ ‘ಆಂಧ್ರಪ್ರದೇಶ’ ಎಂದು ಸ್ಥಿರ ಮೌಲ್ಯದಿಂದ ತುಂಬುವುದು ಈ ಸೀಮೆಯಲ್ಲಿ ಸಲ್ಲದು.

ನೋಂದಾಯಿತ ವ್ಯಾಪಾರಿಯಾದರೆ ಪರೀಕ್ಷೆಗೆ ಅವನ ಜಿಎಸ್‌ಟಿ ಸಂಖ್ಯೆಯೇ ಸಾಕು. ಅದರಲ್ಲಿ 15 ಸ್ಥಾನಗಳಿವೆ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಆಂಧ್ರಪ್ರದೇಶಕ್ಕೆ 37. ಮುಂದಿನ ಹತ್ತು ಸ್ಥಾನಗಳಲ್ಲಿ ಪ್ಯಾನ್ ಸಂಖ್ಯೆ ಇರುತ್ತದೆ, ಕೊನೆಯದು ತಾಳೆ ನೋಡುವ ಅಕ್ಷರ. ಹಾಗಾಗಿ ರಾಜ್ಯ ಮತ್ತು ಪ್ಯಾನ್ ಕ್ಷೇತ್ರಗಳನ್ನು ಕೈಯಿಂದ ತುಂಬುವ ಬದಲು ಜಿಎಸ್‌ಟಿ ಸಂಖ್ಯೆಯಿಂದಲೇ ಪಡೆಯಬಹುದು. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಅದಕ್ಕಿಂತ ಹಳೆಯ ಪಟ್ಟಿಯಲ್ಲಿ ‘ತೆರಿಗೆ ಸಂಖ್ಯೆ’ ಎಂಬ ಕಾಲಂ ಇದ್ದರೆ ಅದು ವ್ಯಾಟ್ ಕಾಲದ 11 ಅಂಕಿಯ ಟಿನ್ ಆಗಿರುತ್ತದೆ, ಅದನ್ನು ಜಿಎಸ್‌ಟಿ ಕ್ಷೇತ್ರಕ್ಕೆ ಜೋಡಿಸಬಾರದು.

ಟ್ಯಾಲಿಯಲ್ಲಿ ಬಳಕೆ

ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಟ್ಯಾಲಿ ಈ ಭಾಗದ ವರ್ತಕರಿಗೆ ಪರಿಚಿತವಾದ ಲೆಕ್ಕಪತ್ರ ತಂತ್ರಾಂಶ. ಅದರಲ್ಲಿ ಗ್ರಾಹಕ ಎಂದರೆ ‘ಸಂಡ್ರಿ ಡೆಟರ್ಸ್’ ಎಂಬ ಬಾಕಿದಾರರ ಗುಂಪಿನಡಿಯ ಒಂದು ಲೆಡ್ಜರ್, ಅಂದರೆ ಖಾತೆ. ಟ್ಯಾಲಿಪ್ರೈಮ್ 4.0 ಆವೃತ್ತಿಯಿಂದ ಎಕ್ಸೆಲ್ ಹಾಳೆಯ ಕಾಲಂಗಳನ್ನು ಲೆಡ್ಜರ್‌ನ ಕ್ಷೇತ್ರಗಳಿಗೆ ಜೋಡಿಸಿ, ಆ ಜೋಡಣೆಯನ್ನು ಟೆಂಪ್ಲೇಟ್ ಆಗಿ ಉಳಿಸಿಕೊಳ್ಳುವ ಅನುಕೂಲ ಬಂದಿದೆ. ಒಮ್ಮೆ ಸರಿಯಾಗಿ ಮಾಡಿದ ಟೆಂಪ್ಲೇಟ್ ಮುಂದಿನ ಪಟ್ಟಿಗೂ ಒದಗುತ್ತದೆ.

ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎರಡು. ಮೊದಲನೆಯದು ಹೆಸರು: ಒಂದೇ ಕಂಪನಿಯೊಳಗೆ ಒಂದು ಲೆಡ್ಜರ್ ಹೆಸರು ಎರಡು ಸಲ ಬರುವಂತಿಲ್ಲ. ಪಟ್ಟಿಯಲ್ಲಿ ಇಬ್ಬರು ನಾರಾಯಣಪ್ಪ ಇದ್ದರೆ ಹೆಸರಿನ ಜೊತೆಗೆ ಊರನ್ನಾಗಲಿ ಹಳೆಯ ಖಾತೆ ನಂಬರನ್ನಾಗಲಿ ಸೇರಿಸಿ ಬೇರ್ಪಡಿಸಬೇಕು, ಇಲ್ಲವಾದರೆ ಒಬ್ಬರ ಬಾಕಿ ಇನ್ನೊಬ್ಬರ ಲೆಕ್ಕಕ್ಕೆ ಸೇರುವ ಅಪಾಯವಿದೆ. ಎರಡನೆಯದು ಆರಂಭಿಕ ಬಾಕಿ. ಮೊತ್ತದ ಜೊತೆಗೆ ಅದು ಡೆಬಿಟ್ಟೋ ಕ್ರೆಡಿಟ್ಟೋ ಎಂಬುದನ್ನೂ ಜೋಡಿಸಬೇಕು. ಹಳೆಯ ಹಾಳೆಯಲ್ಲಿ ಮುಂಗಡವನ್ನು ಋಣ ಚಿಹ್ನೆಯಿಂದ ತೋರಿಸಿದ್ದರೆ ಹೊಸ ತಂತ್ರಾಂಶ ಆ ಚಿಹ್ನೆಯನ್ನು ಅದೇ ಅರ್ಥದಲ್ಲಿ ಓದುತ್ತದೆಯೇ ಎಂದು ಒಂದು ದಾಖಲೆಯಲ್ಲಿ ಮೊದಲು ಪರೀಕ್ಷಿಸಬೇಕು.

ಆಮದಿಗೆ ಮೊದಲು, ಆಮದಾದ ಮೇಲೆ

ಮೂಲ ಕಡತದ ಮತ್ತು ಹೊಸ ತಂತ್ರಾಂಶದ ಬ್ಯಾಕಪ್ ತೆಗೆದಿಟ್ಟುಕೊಂಡ ಮೇಲೆಯೇ ಆಮದು, ಅಂದರೆ ದಾಖಲೆಗಳನ್ನು ತಂತ್ರಾಂಶಕ್ಕೆ ತುಂಬುವ ಕೆಲಸ, ಆರಂಭಿಸಬೇಕು. ಮೊದಲ ಸುತ್ತಿಗೆ ಸುಲಭದ ದಾಖಲೆಗಳಿಗಿಂತ ಕಠಿಣವಾದವನ್ನೇ ಆರಿಸಿಕೊಳ್ಳುವುದು ಜಾಣತನ: ಗಡಿಯಾಚೆಯ ಗಿರಾಕಿ, ಕನ್ನಡದಲ್ಲಿ ಬರೆದ ಹೆಸರು, 4-2-15ರಂಥ ಮನೆ ನಂಬರು, ಮುಂಗಡ ಕೊಟ್ಟವರು. ಇವು ಸರಿಯಾಗಿ ಕೂತರೆ ಉಳಿದವು ಬಹುಮಟ್ಟಿಗೆ ಕೂರುತ್ತವೆ.

ಪಟ್ಟಿಯಲ್ಲಿ ಇದೆ ಎಂಬ ಕಾರಣಕ್ಕೆ ಎಲ್ಲ ಕಾಲಂಗಳನ್ನೂ ಸಾಗಿಸಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಇರಬೇಕೆಂಬುದು. ಸಿಮೆಂಟು, ಕಬ್ಬಿಣ ಮಾರುವ ಅಂಗಡಿಗೆ ಗಿರಾಕಿಯ ಆಧಾರ್ ಸಂಖ್ಯೆಯ ಅಗತ್ಯವಿಲ್ಲ. ಅಂಥ ಕಾಲಂ ಅನ್ನು ಯಾವ ಕ್ಷೇತ್ರಕ್ಕೂ ಜೋಡಿಸದೆ ಬಿಡುವುದೇ ಸರಿ.

ಆಮದು ಮುಗಿದ ಮೇಲೆ ಮೂರು ಮೊತ್ತಗಳು ತಾಳೆಯಾಗಬೇಕು: ದಾಖಲೆಗಳ ಎಣಿಕೆ, ಬರಬೇಕಾದ ಬಾಕಿಯ ಒಟ್ಟು, ಮುಂಗಡದ ಒಟ್ಟು. ಬಾಕಿ ಮತ್ತು ಮುಂಗಡಗಳನ್ನು ಕಳೆದು ಒಂದೇ ಮೊತ್ತವಾಗಿ ನೋಡಿದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಬಿಡಬಹುದು, ಆದ್ದರಿಂದ ಅವನ್ನು ಬೇರೆ ಬೇರೆಯಾಗಿಯೇ ಕೂಡಬೇಕು. ತಿರಸ್ಕೃತವಾದ ಸಾಲುಗಳ ಪಟ್ಟಿಯನ್ನು ತಂತ್ರಾಂಶ ಕೊಡುತ್ತಿದ್ದರೆ ಅದನ್ನು ಉಳಿಸಿಕೊಂಡು, ಕಾರಣ ಸರಿಪಡಿಸಿ, ಆ ಸಾಲುಗಳನ್ನಷ್ಟೇ ಮತ್ತೆ ಆಮದು ಮಾಡಬೇಕು. ಇಡೀ ಕಡತವನ್ನು ಮತ್ತೊಮ್ಮೆ ಹಾಕಿದರೆ ಮೊದಲೇ ಸೇರಿದವರ ದಾಖಲೆಗಳು ಎರಡೆರಡಾಗುತ್ತವೆ, ಇಲ್ಲವೇ ನಡುವೆ ಮಾಡಿದ ತಿದ್ದುಪಡಿಗಳು ಅಳಿಸಿಹೋಗುತ್ತವೆ.