ಹರಿಹರ-ದಾವಣಗೆರೆಗಳ ಉದ್ಯಮಗಳೂ ಯಜಮಾನಿಕೆಯ ಧರ್ಮವೂ

ಬಂಡವಾಳ, ಯಂತ್ರ, ಕಟ್ಟಡಗಳು ಎಷ್ಟಿದ್ದರೂ ದುಡಿಯುವ ಜನರು ಮನಸ್ಸಿಟ್ಟು ದುಡಿಯದಿದ್ದರೆ ಯಾವ ಉದ್ಯಮವೂ ಏಳಿಗೆಯನ್ನು ಹೊಂದಲಾರದು. ಒಬ್ಬೊಬ್ಬನ ಯೋಗ್ಯತೆಯನ್ನರಿತು ತಕ್ಕ ಕೆಲಸದಲ್ಲಿ ತೊಡಗಿಸುವುದೂ, ಅವನ ವಿಶ್ವಾಸವನ್ನು ಉಳಿಸಿಕೊಳ್ಳುವುದೂ ಯಜಮಾನನ ಮೊದಲನೆಯ ಹೊಣೆ. ಈ ಮಾತಿನ ನಿಜವನ್ನು ತಿಳಿಯಲು ತುಂಗಭದ್ರೆಯ ದಡದ ಹರಿಹರ, ಅದರ ನೆರೆಯ ದಾವಣಗೆರೆ ಈ ಎರಡು ಊರುಗಳ ಚರಿತ್ರೆಯೇ ಸಾಕು.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಯಿತು. ಅದು ಮಹಾಯುದ್ಧದ ಕಾಲ. ಪರದೇಶದ ಯಂತ್ರಗಳು ದೊರೆಯುವುದು ದುಸ್ತರವಾಗಿದ್ದಿತು. ಅಂತಹ ಸಮಯದಲ್ಲಿ ಲೋಹವನ್ನು ಕಡೆಯುವ ಲೇತ್ ಯಂತ್ರಗಳು ಇಲ್ಲಿಯೇ ತಯಾರಾಗತೊಡಗಿದುವು. ಈ ಕಾರ್ಖಾನೆಯ ಮೂಲವನ್ನು ಅರಸಿದರೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಬಳಿಗೆ ಹೋಗಬೇಕಾಗುತ್ತದೆ.

ಲಕ್ಷ್ಮಣರಾಯರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಉಪಾಧ್ಯಾಯರಾಗಿದ್ದರು. ತಮಗೆ ಸಲ್ಲಬೇಕಾದ ಬಡ್ತಿಯು ಬೇರೊಬ್ಬರಿಗೆ ಸಂದಾಗ ಆ ಉದ್ಯೋಗವನ್ನು ತ್ಯಜಿಸಿ, ಅಣ್ಣನೊಡಗೂಡಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರದಲ್ಲಿ ನಿರತರಾದರು. ಮುಂದೆ ಮೇವು ಕತ್ತರಿಸುವ ಯಂತ್ರಗಳನ್ನೂ ಕಬ್ಬಿಣದ ನೇಗಿಲುಗಳನ್ನೂ ಮಾಡಿಸಿದರು. ಕಬ್ಬಿಣವು ಭೂಮಿಯನ್ನು ಕೆಡಿಸುವುದೆಂದು ಶಂಕಿಸಿದ ಒಕ್ಕಲು ಮಕ್ಕಳು ಬಹುಕಾಲ ಆ ನೇಗಿಲನ್ನು ಮುಟ್ಟಲಿಲ್ಲ. ಬೆಳಗಾವಿಯ ಜಾಗವೂ ಕೈಬಿಟ್ಟುಹೋದಾಗ ಔಂಧ ಸಂಸ್ಥಾನದ ಅರಸರು 32 ಎಕರೆ ಬರಡು ನೆಲವನ್ನೂ 10,000 ರೂಪಾಯಿಗಳ ಸಾಲವನ್ನೂ ಒದಗಿಸಿದರು. ಅಲ್ಲಿ 1910ರಲ್ಲಿ 25 ಮಂದಿ ಕೆಲಸಗಾರರು ಸಂಸಾರಸಮೇತರಾಗಿ ನೆಲೆಸಿದರು. ಅದೇ ಕಿರ್ಲೋಸ್ಕರವಾಡಿ.

ಆ ವಾಡಿಯಲ್ಲಿ ಜನರನ್ನು ಆರಿಸಿದ ಬಗೆಯೇ ಗಮನಾರ್ಹವಾದುದು. ಶಾಲೆಯನ್ನು ಅರ್ಧಕ್ಕೆ ಬಿಟ್ಟವನೊಬ್ಬನು ಅಲ್ಲಿ ಶ್ರೇಷ್ಠ ಯಂತ್ರಕುಶಲನಾದನು; ತುಂಟನೆಂದು ಹೆಸರಾದವನು ವ್ಯವಸ್ಥಾಪಕನಾದನು; ಹಿಂದೆ ದರೋಡೆ ಮಾಡಿದ ಇಬ್ಬರು ನಂಬಿಕೆಯ ಕಾವಲುಗಾರರಾದರು. ಮನುಷ್ಯನ ಹಿಂದಿನ ಹೆಸರನ್ನು ಲೆಕ್ಕಿಸದೆ ಅವನಿಂದ ಆಗಬಹುದಾದುದನ್ನು ಕಂಡು ಹೊಣೆಯನ್ನು ಒಪ್ಪಿಸಿದುದೇ ಇದರ ರಹಸ್ಯವು. ನಂಬಿಕೆಗೆ ಪಾತ್ರನಾದವನು ಆ ನಂಬಿಕೆಯನ್ನು ಕಾಯಲು ತಾನೇ ಶ್ರಮಿಸುತ್ತಾನೆ.

ಆದರೆ ಯಜಮಾನಿಕೆಯ ಧರ್ಮವು ಇಷ್ಟಕ್ಕೇ ಮುಗಿಯುವುದಿಲ್ಲ. ಹತ್ತಿಯ ವ್ಯಾಪಾರದಿಂದ ಬೆಳೆದ ದಾವಣಗೆರೆಯಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿ, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದಿತು. ಅಲ್ಲಿ ಕಾರ್ಮಿಕರು ಸಂಘಟಿತರಾಗಿ ತಮ್ಮ ಮಾತನ್ನು ತಾವೇ ಆಡಲು ಕಲಿತರು. ಅವರ ನಾಯಕರಾದ ಪಂಪಾಪತಿಯವರು 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಚುನಾಯಿತರಾದರು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯೂ 1948ರ ಕಾರ್ಖಾನೆಗಳ ಕಾಯಿದೆಯೂ ದುಡಿಯುವವನ ಹಕ್ಕನ್ನು ಒಡೆಯನ ದಯೆಗೆ ಮಾತ್ರ ಬಿಡಲಿಲ್ಲ. ಒಡೆಯನು ಆಜ್ಞಾಪಿಸುವುದರೊಡನೆ ಆಲಿಸಬೇಕಾದ ಕಾಲವೂ ಬಂದಿತು.

ಕಾಲಕ್ರಮದಲ್ಲಿ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರವೂ ಮುಚ್ಚಿತು. ಹತ್ತಾರು ವರ್ಷ ಯಂತ್ರದ ಮುಂದೆ ನಿಂತವರು ಮಧ್ಯವಯಸ್ಸಿನಲ್ಲಿ ಬೇರೆ ಜೀವನೋಪಾಯವನ್ನು ಹುಡುಕಬೇಕಾಯಿತು. ಗೇಟಿಗೆ ಬೀಗ ಬಿದ್ದ ದಿನ ನಷ್ಟವು ಲೆಕ್ಕದ ಪುಸ್ತಕದಲ್ಲಷ್ಟೇ ಉಳಿಯದೆ ಮನೆಮನೆಯ ಒಲೆಯವರೆಗೆ ಮುಟ್ಟುತ್ತದೆ.

ಏಳಿಗೆಯ ಕಾಲದಲ್ಲಿ ಜನರನ್ನು ನಂಬುವುದು ಯಜಮಾನನ ಅರ್ಧ ಕರ್ತವ್ಯ ಮಾತ್ರ. ಕಾಲವು ತಿರುಗುವ ಮೊದಲೇ ಯಂತ್ರಗಳನ್ನೂ ಕೆಲಸಗಾರರ ವಿದ್ಯೆಯನ್ನೂ ಹೊಸದಾಗಿಸುವುದು, ಸಂಸ್ಥೆಯ ನಿಜಸ್ಥಿತಿಯನ್ನು ಅವರಿಂದ ಮರೆಮಾಡದಿರುವುದು ಉಳಿದರ್ಧವು. ಅಂಗಡಿಯಲ್ಲಿ ಇಬ್ಬರು ಆಳುಗಳನ್ನು ಇಟ್ಟುಕೊಂಡ ವರ್ತಕನಿಗೂ ಈ ಧರ್ಮವು ಸಲ್ಲುತ್ತದೆ. ದುಡಿಯುವವನ ಕಾಯಕದಷ್ಟೇ ದುಡಿಸುವವನ ಕಾಯಕವೂ ಶುದ್ಧವಾಗಿರತಕ್ಕದ್ದು.