ಸಲ್ಲೇಖನದಲ್ಲಿ ದೇಹದ ಸ್ಥಾನ

ಸಲ್ಲೇಖನದ ಲಕ್ಷಣವನ್ನು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸ್ಪಷ್ಟವಾಗಿ ನಿರೂಪಿಸಿದವರು ಸಮಂತಭದ್ರಾಚಾರ್ಯರು. ಪರಿಹಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಅಥವಾ ರೋಗ ಒದಗಿದಾಗ ಧರ್ಮಕ್ಕಾಗಿ ಶರೀರವನ್ನು ಬಿಡುವುದೇ ಸಲ್ಲೇಖನವೆಂಬುದು ಅವರ ಮತ. ಆದರೆ ಈ ಆಚಾರ್ಯರಿಗೇ ಒಮ್ಮೆ ಆ ವ್ರತಕ್ಕೆ ಅನುಮತಿ ದೊರೆಯಲಿಲ್ಲವೆಂಬ ಕಥೆಯು ಸಂಪ್ರದಾಯದಲ್ಲಿ ಉಳಿದುಬಂದಿದೆ. ಅವರಿಗೆ ಭಸ್ಮಕ ವ್ಯಾಧಿಯು ತಗುಲಿತು. ಎಷ್ಟು ಉಂಡರೂ ಹಸಿವಡಗದ ಆ ರೋಗದಲ್ಲಿ ಮುನಿಯ ಆಹಾರನಿಯಮವನ್ನು ಪಾಲಿಸುವುದು ಅಸಾಧ್ಯವಾಯಿತು. ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಶಿಷ್ಯನಿಂದ ಧರ್ಮಪ್ರಭಾವನೆಯು ಇನ್ನೂ ಆಗಬೇಕಾಗಿದೆಯೆಂದರಿತು, ಮುನಿವೇಷವನ್ನು ತೊರೆದಾದರೂ ಹೊಟ್ಟೆತುಂಬ ಉಂಡು ಗುಣಹೊಂದಿ, ಅನಂತರ ಮರಳಿ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ನಡೆದರು. ಇದರಲ್ಲಿ ಇತಿಹಾಸಾಂಶವು ಎಷ್ಟೇ ಇರಲಿ, ದೀಕ್ಷೆಗಿಂತಲೂ ದೇಹದ ಚಿಕಿತ್ಸೆಯನ್ನು ಮುಂದಿಟ್ಟ ಗುರುವನ್ನು ಸಂಪ್ರದಾಯವು ಗೌರವದಿಂದ ನೆನೆದಿದೆಯೆಂಬುದೇ ಗಮನಾರ್ಹ.

ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ಯೆಂಬ ಟೀಕೆಯನ್ನು ಬರೆದ ಪೂಜ್ಯಪಾದರು ಇದನ್ನೇ ವರ್ತಕನ ದೃಷ್ಟಾಂತದಿಂದ ವಿವರಿಸಿದ್ದಾರೆ. ಮನೆಯಲ್ಲಿ ಬಗೆಬಗೆಯ ಸರಕನ್ನು ಕೂಡಿಟ್ಟ ವರ್ತಕನು ಮನೆ ಹಾಳಾಗಲೆಂದು ಎಂದಿಗೂ ಬಯಸನು. ಅಪಾಯ ಬಂದರೆ ಶಕ್ತಿಯಿದ್ದಷ್ಟು ಅದನ್ನು ತಡೆಯುವನು. ತಡೆಯಲಾಗದಿದ್ದರೆ ಸರಕನ್ನಾದರೂ ಉಳಿಸಿಕೊಳ್ಳುವನು. ವ್ರತಶೀಲಗಳೇ ಆ ಸರಕು, ಶರೀರವೇ ಮನೆ. ಅಂಗಡಿ ನಡೆಸಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ! ಮನೆಯನ್ನು ಉಳಿಸುವ ಪ್ರಯತ್ನವನ್ನೇ ಮಾಡದೆ ಸರಕನ್ನು ಹೊರಗೆ ಸಾಗಿಸುವವನು ಜಾಣ ವರ್ತಕನಲ್ಲ.

ಶಾಸನಗಳಲ್ಲಿಯೂ ಗುರುವಿನ ಸ್ಥಾನ ಎದ್ದುಕಾಣುತ್ತದೆ. ಗಂಗದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ದೇಹವಿಟ್ಟನೆಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸ್ತಂಭಶಾಸನವು ತಿಳಿಸುತ್ತದೆ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಭಾವಿಸಿ ಅಪರಾಧವೆಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂದು ಬೀದಿಗಿಳಿದು ಧರ್ಮಸ್ವಾತಂತ್ರ್ಯವನ್ನು ಘೋಷಿಸಿದವರು ಬಹಳ. ಪೂಜ್ಯಪಾದರ ವಾದವನ್ನು ಮುಂದಿಟ್ಟವರು ಕಡಿಮೆ. ರಾಗದ್ವೇಷಗಳಿಂದ ವಿಷಶಸ್ತ್ರಾದಿಗಳನ್ನು ಬಳಸಿ ತನ್ನನ್ನು ಕೊಂದುಕೊಳ್ಳುವುದು ಆತ್ಮಘಾತ. ಸಲ್ಲೇಖನವನ್ನು ಕೈಗೊಂಡವನಲ್ಲಿ ಆ ರಾಗಾದಿಗಳೇ ಇಲ್ಲವೆಂಬುದು ಅವರ ಸಮಾಧಾನ. ತತ್ತ್ವಾರ್ಥಸೂತ್ರವಂತೂ ಈ ವ್ರತದ ಐದು ಅತಿಚಾರಗಳಲ್ಲಿ ಬದುಕಿನ ಆಸೆಯೊಡನೆ ಮರಣದ ಆಸೆಯನ್ನೂ ಎಣಿಸಿದೆ. ಬೇಗ ಸಾವು ಬರಲೆಂದು ಹಂಬಲಿಸಿದರೂ ವ್ರತಕ್ಕೆ ದೋಷ ತಟ್ಟಿದಂತೆಯೇ.